ಮಂಗಳೂರಿನ ಮಾತಿಲ್ಲದ ಮೇಸ್ತ್ರಿ

ಮಂಗಳೂರನ್ನು ನೋಡಿ ಮರಳಿದವರ ಬಾಯಲ್ಲಿ ಬರುವ ಹೆಸರುಗಳು ಹೆಚ್ಚಾಗಿ ಇವೇ: ಕದ್ರಿಯ ಮಂಜುನಾಥ, ಬೋಳಾರದ ಮಂಗಳಾದೇವಿ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ಚಿತ್ರಗಳು, ಪಣಂಬೂರಿನ ಕಡಲತಡಿ. ಮಕ್ಕಳೊಡನೆ ಬಂದವರಾದರೆ ಗಡ್‌ಬಡ್ ಐಸ್‌ಕ್ರೀಮಿನ ಹೆಸರನ್ನೂ ಮರೆಯದೆ ಸೇರಿಸುತ್ತಾರೆ. ಇದು ಈ ನಗರವು ಅತಿಥಿಗಳಿಗೆ ತೋರುವ ಮುಖ. ಇದಲ್ಲದೆ ಇದಕ್ಕೆ ದುಡಿಯುವ ಮುಖವೊಂದುಂಟು. ದಕ್ಷಿಣದಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಿಂದ ಹೊರಟು ಉತ್ತರದ ಸುರತ್ಕಲ್ಲಿನವರೆಗೆ ಒಂದು ದಿನ ನಿಧಾನವಾಗಿ ಸಾಗಿದರೆ ಆ ಮುಖದ ದರ್ಶನವಾಗುತ್ತದೆ. ಹೆಂಚು, ಹಾಲು, ಗೊಬ್ಬರ, ಕಬ್ಬಿಣದ ಅದಿರು, ಗೇರುಬೀಜ, ಕಲ್ಲೆಣ್ಣೆ ಎಲ್ಲವೂ ಈ ಒಂದೇ ದಾರಿಯ ಎಡಬಲಗಳಲ್ಲಿ ಸಿಕ್ಕುತ್ತವೆ.

ಈ ದಾರಿಯಲ್ಲಿ ನಾನು ಹುಡುಕಿಕೊಂಡು ಹೋದದ್ದು ಹೆಂಚನ್ನೂ ಅಲ್ಲ, ಎಣ್ಣೆಯನ್ನೂ ಅಲ್ಲ. ಇಂದಿನ ಕಾರ್ಖಾನೆಗಳಲ್ಲಿ ಕಣ್ಣಿಗೆ ಬೀಳದೆ ಕೆಲಸ ಮಾಡಿಸುವ ಒಬ್ಬ ಮೇಸ್ತ್ರಿಯನ್ನು. ಉಕ್ಕಿನ ಕಪಾಟಿನೊಳಗೆ ಇವನ ವಾಸ. ಗಾತ್ರ ಒಂದು ದಪ್ಪ ಪುಸ್ತಕದಷ್ಟು. ದೊಡ್ಡ ಕಾರ್ಖಾನೆಯಾದರೆ ಅಂಥ ಪುಸ್ತಕಗಳ ಒಂದು ಸಾಲು. ಮುಖದ ಮೇಲೆ ಮಿಣುಕುವ ಹಸಿರು ದೀಪಗಳು. ಬೆನ್ನಿನಿಂದ ಹೊರಟ ನೂರಾರು ತಂತಿಗಳು. ಇವನ ಪೂರ್ಣ ಹೆಸರು ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್. ಅಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿಲ್ಲವಾದುದರಿಂದ ಎಲ್ಲರೂ ಪಿ.ಎಲ್.ಸಿ. ಎನ್ನುತ್ತಾರೆ.

ಪ್ರಯಾಣವನ್ನು ಜೆಪ್ಪುವಿನಿಂದ ಆರಂಭಿಸುವುದಕ್ಕೆ ಕಾರಣವಿದೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಇಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನದಿಯ ಬದಿಯ ಜೇಡಿಮಣ್ಣು, ಒತ್ತುವ ಯಂತ್ರ, ಸುಡುವ ಆವಿಗೆ—ಈ ಮೂರು ಸೇರಿ 'ಮಂಗಳೂರು ಹೆಂಚು' ಎಂಬ ಹೆಸರು ಕಡಲಾಚೆಗೂ ಹೋಯಿತು. ಆ ಕಾಲದ ಆವಿಗೆಗೆ ಉಷ್ಣಮಾಪಕವೆಂದರೆ ಬೆಂಕಿ ಹಾಕುವವನ ಕಣ್ಣು. ಆತ ಕಂಡಿಯಲ್ಲಿ ಇಣುಕಿ ಉರಿಯ ಬಣ್ಣವನ್ನು ನೋಡುತ್ತಿದ್ದ. ಇನ್ನೂ ಕಟ್ಟಿಗೆ ಬೇಕೋ, ಸಾಕೋ, ಮಳೆಗಾಲದ ಹಸಿಗಾಳಿಗೆ ಇನ್ನೊಂದು ಗಳಿಗೆ ಕಾಯಬೇಕೋ ಎಂಬುದನ್ನು ಆ ಬಣ್ಣವೇ ಅವನಿಗೆ ಹೇಳುತ್ತಿತ್ತು. ಅವನು ಅದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿದ್ದು ಕಡಿಮೆ. ಅವನನ್ನು ಕೇಳಿ ಬರೆದಿಟ್ಟವರು ಇನ್ನೂ ಕಡಿಮೆ. ಮುಂದೆ ಕಾಂಕ್ರೀಟಿನ ಮಾಡುಗಳು ಬಂದು, ಮಣ್ಣೂ ಕಟ್ಟಿಗೆಯೂ ದುರ್ಲಭವಾಗಿ, ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ಕಣ್ಣುಗಳ ವಿದ್ಯೆಯೂ ಅವುಗಳ ಸಂಗಡವೇ ಹೋಯಿತು.

ಜೆಪ್ಪುವಿನಿಂದ ಏರಿ ಬಂದರೆ ಬಲ್ಮಠದ ಗುಡ್ಡ. ಹೆಂಚನ್ನು ಒತ್ತಿದ ಮಿಶನ್ನೇ ಅಕ್ಷರವನ್ನೂ ಒತ್ತಿತೆಂಬುದನ್ನು ಕನ್ನಡಿಗರು ಮರೆಯಲಾರರು. 1841ರಲ್ಲಿ ಅದರ ಮುದ್ರಣಾಲಯ ಆರಂಭವಾಯಿತು; 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಬಂದಿತು. ಕಿಟ್ಟೆಲ್ಲರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ತಮ್ಮ ಮಹಾನಿಘಂಟುವನ್ನು 1894ರಲ್ಲಿ ಪ್ರಕಟಿಸಿದ್ದೂ ಈ ಊರಿನಿಂದಲೇ. ಯಂತ್ರವನ್ನು ತಂದವರು ಮೊದಲು ಈ ನೆಲದ ಮಾತನ್ನು ಕಲಿತರು ಎಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬೈಕಂಪಾಡಿಯಲ್ಲಿ ಅದು ಉಪಯೋಗಕ್ಕೆ ಬರಲಿದೆ.

ವ್ಯಾಕರಣದ ಮಾತು ಬಂದದ್ದರಿಂದ ಪಿ.ಎಲ್.ಸಿ.ಯ ಒಳಗುಟ್ಟನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ನಮ್ಮ ಮನೆಯ ನೀರಿನ ಟಾಂಕಿಯನ್ನೇ ತೆಗೆದುಕೊಳ್ಳಿ. 'ಬಾವಿಯಲ್ಲಿ ನೀರಿದ್ದು, ಮೇಲಿನ ಟಾಂಕಿ ತುಂಬಿರದಿದ್ದರೆ, ಪಂಪು ನಡೆಯಲಿ.' ಈ ಒಂದು ವಾಕ್ಯದಲ್ಲಿ ಪಿ.ಎಲ್.ಸಿ.ಯ ಅರ್ಧ ವಿದ್ಯೆ ಅಡಗಿದೆ. ಎರಡು ಸಂಗತಿಗಳೂ ಕೂಡಿ ನಿಜವಾಗಬೇಕೆಂಬುದು ಸಮುಚ್ಚಯ. ಎರಡರಲ್ಲಿ ಒಂದಾದರೂ ಸಾಕೆಂದರೆ ವಿಕಲ್ಪ. 'ತುಂಬಿರದ' ಎಂಬುದು ನಿಷೇಧ. ಇವುಗಳಿಗೆ 'ಇಷ್ಟು ಹೊತ್ತಿನ ಬಳಿಕ' ಎಂಬ ಕಾಲವನ್ನೂ 'ಇಷ್ಟು ಸಲ ಆದ ಮೇಲೆ' ಎಂಬ ಎಣಿಕೆಯನ್ನೂ ಸೇರಿಸಿದರೆ ಉಳಿದರ್ಧದ ಬಹುಭಾಗ ಮುಗಿಯಿತು. ಕೊನೆಗೆ ಎಲ್ಲವನ್ನೂ ಕಟ್ಟಿಹಾಕುವುದು ನಮ್ಮ 'ಅರೆ' ಪ್ರತ್ಯಯ: ಬಂದರೆ, ಹೋದರೆ, ಆದರೆ.

ಯಂತ್ರದ ದಿನಚರಿಯೂ ಸರಳವೇ. ಸೆನ್ಸರುಗಳೆಂಬ ಕಣ್ಣು ಕಿವಿಗಳು ಕಳಿಸಿದ ಸುದ್ದಿಯನ್ನು ಮೊದಲು ಓದಿಕೊಳ್ಳುತ್ತದೆ. ಬಳಿಕ ತನ್ನಲ್ಲಿ ಬರೆದಿಟ್ಟ ನಿಯಮಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡುತ್ತದೆ. ಆಮೇಲೆ ಮೋಟರು, ಕವಾಟ, ದೀಪ, ಗಂಟೆಗಳಿಗೆ ಅಪ್ಪಣೆ ಕೊಡುತ್ತದೆ. ಮತ್ತೆ ಮೊದಲಿನಿಂದ ಆರಂಭ. ಈ ಸುತ್ತು ಒಂದು ಸೆಕೆಂಡಿನಲ್ಲಿ ನೂರು ಸಲ ನಡೆಯುವುದು ಸಾಮಾನ್ಯ ಸಂಗತಿ. ದಣಿವಿಲ್ಲ, ಬೇಸರವಿಲ್ಲ, ಮಧ್ಯಾಹ್ನದ ಜೊಂಪು ಇಲ್ಲ.

ಇದರ ಹುಟ್ಟೂ ಕುತೂಹಲಕರವಾದುದು. ಹಿಂದೆ ಕಾರ್ಖಾನೆಗಳಲ್ಲಿ ಇದೇ ನಿಯಮಗಳನ್ನು 'ರಿಲೇ' ಎಂಬ ವಿದ್ಯುತ್ಕಾಂತದ ಸ್ವಿಚ್ಚುಗಳನ್ನು ತಂತಿಯಿಂದ ಹೆಣೆದು ನಡೆಸುತ್ತಿದ್ದರು. ಒಂದು ನಿಯಮ ಬದಲಾದರೆ ಗೋಡೆಯಷ್ಟು ದೊಡ್ಡ ಕಪಾಟಿನ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಹೆಣೆಯಬೇಕು. ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿ 1968ರಲ್ಲಿ ಇದಕ್ಕೊಂದು ಪರಿಹಾರವನ್ನು ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು 'ಮಾಡಿಕಾನ್ 084' ಎಂಬ ಯಂತ್ರವನ್ನು ಮಾಡಿಕೊಟ್ಟರು. ಅವರ ಸಂಸ್ಥೆಯ 84ನೆಯ ಯೋಜನೆಯಾದುದರಿಂದ ಆ ಹೆಸರು. ಅವರು ಮಾಡಿದ ಜಾಣತನದ ಕೆಲಸ ಇನ್ನೊಂದಿದೆ. ಕಂಪ್ಯೂಟರು ಬಲ್ಲವರ ಭಾಷೆಯನ್ನು ಕಾರ್ಖಾನೆಯ ಮೇಲೆ ಹೇರಲಿಲ್ಲ. ಎಲೆಕ್ಟ್ರೀಷಿಯನ್ನರು ಅದುವರೆಗೆ ಬರೆಯುತ್ತಿದ್ದ ನಕ್ಷೆಯನ್ನೇ ಯಂತ್ರದ ಭಾಷೆಯನ್ನಾಗಿ ಮಾಡಿದರು. ಎರಡು ನಿಲುಗೆರೆಗಳು, ನಡುವೆ ಮೆಟ್ಟಿಲುಗಳಂತೆ ಅಡ್ಡಗೆರೆಗಳು. ಒಂದೊಂದು ಮೆಟ್ಟಿಲೂ ಒಂದೊಂದು ನಿಯಮ. ಏಣಿಯಂತಿರುವುದರಿಂದ ಅದಕ್ಕೆ 'ಲ್ಯಾಡರ್' ಎಂದೇ ಹೆಸರಾಯಿತು. ಕೆಲಸಗಾರನು ಯಂತ್ರದ ಭಾಷೆಯನ್ನಲ್ಲ, ಯಂತ್ರವು ಕೆಲಸಗಾರನ ಭಾಷೆಯನ್ನು ಕಲಿಯಿತು. ಅರ್ಧ ಶತಮಾನ ಕಳೆದರೂ ಆ ಏಣಿ ಸವೆದಿಲ್ಲ.

ಬಲ್ಮಠದಿಂದ ಕಂಕನಾಡಿಯ ಮಾರ್ಗವಾಗಿ ಕುಲಶೇಖರಕ್ಕೆ ಬಂದರೆ ಜಿಲ್ಲೆಯ ಸಹಕಾರಿ ಹಾಲು ಒಕ್ಕೂಟದ ಡೈರಿ. ಬೆಳಗ್ಗೆ ಮನೆಬಾಗಿಲಿಗೆ ಬರುವ ಹಾಲಿನ ತೊಟ್ಟೆಯ ಹಿಂದಿನ ಕಥೆಯನ್ನು ಗೃಹಿಣಿಯರು ತಿಳಿಯುವುದು ಒಳ್ಳೆಯದು. ಇಂದಿನ ದೊಡ್ಡ ಡೈರಿಗಳಲ್ಲಿ ಹಾಲನ್ನು ಹರಿಯುತ್ತಿರುವಂತೆಯೇ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆ ಶಾಖದಲ್ಲಿ 15 ಸೆಕೆಂಡು ಇಟ್ಟು, ಕೂಡಲೇ ತಣಿಸುತ್ತಾರೆ. ಶಾಖ ಒಂದಿಷ್ಟು ತಗ್ಗಿದರೂ ರೋಗಾಣುಗಳು ಉಳಿಯುವ ಭಯ. ಆದ್ದರಿಂದ ಕೊಳವೆಯ ತುದಿಯಲ್ಲಿ ಒಂದು ಕವಾಟವಿದೆ. ಶಾಖ ಸಾಲದೆಂದು ಸೆನ್ಸರು ಹೇಳಿದ ಕ್ಷಣವೇ ಕವಾಟ ಹೊರಳಿ, ಹಾಲನ್ನು ಮುಂದಕ್ಕೆ ಬಿಡದೆ ಹಿಂದಿನ ಪಾತ್ರೆಗೆ ಕಳಿಸುತ್ತದೆ. ಕೆಲಸ ಮುಗಿದ ಬಳಿಕ ಕೊಳವೆಗಳನ್ನು ಕ್ಷಾರದಿಂದಲೂ ಆಮ್ಲದಿಂದಲೂ ತೊಳೆಯಬೇಕು. ಆ ದ್ರವ ಹಾಲಿಗೆ ಸೇರಿದರೆ ಅನರ್ಥ. 'ತೊಳೆಯುವ ಕವಾಟ ತೆರೆದಿದ್ದರೆ ಹಾಲಿನ ಕವಾಟ ತೆರೆಯಕೂಡದು' ಎಂಬ ನಿಯಮವನ್ನು ಏಣಿಯ ಮೆಟ್ಟಿಲಾಗಿ ಬರೆದಿಡುತ್ತಾರೆ. ಒಲೆಯ ಮುಂದೆ ಹಾಲು ಉಕ್ಕದಂತೆ ಕಾಯುವ ತಾಯಿಯ ಎಚ್ಚರವನ್ನು ಸಾವಿರಾರು ಲೀಟರಿಗೆ ಹಿಗ್ಗಿಸಿದರೆ ಏನಾಗುವುದೋ ಅದು ಇದು.

ಕುಲಶೇಖರದಿಂದ ನಂತೂರಿಗೆ ಇಳಿದು ಉತ್ತರಕ್ಕೆ ತಿರುಗಿದರೆ ಕೆ.ಪಿ.ಟಿ. ಸಿಕ್ಕುತ್ತದೆ. ಬಸ್ಸಿನವರು ಒಂದೇ ಉಸಿರಿಗೆ ಕೂಗುವ ಈ ಮೂರಕ್ಷರದ ಹಿಂದೆ 1946ರಲ್ಲಿ ಆರಂಭವಾದ ಕರ್ನಾಟಕ ಪಾಲಿಟೆಕ್ನಿಕ್ ಇದೆ. ಮುಂದೆ ಕೂಳೂರಿನ ಸೇತುವೆಯಲ್ಲಿ ಫಲ್ಗುಣಿಯನ್ನು ದಾಟಿದೊಡನೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಎಡಗಡೆ ಗೊಬ್ಬರದ ಕಾರ್ಖಾನೆ, ಅದರಾಚೆ ನವಮಂಗಳೂರು ಬಂದರು. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಉದ್ಘಾಟನೆಗೊಂಡ ಈ ಬಂದರಿನ ಭಾಗ್ಯದೊಡನೆ ಕುದುರೆಮುಖದ ಅದಿರಿನ ಭಾಗ್ಯ ಬೆಸೆದುಕೊಂಡಿತ್ತು. ಘಟ್ಟದ ಮೇಲೆ ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರು ಕೊಳವೆಯಲ್ಲಿ ಹರಿಸಿ ಪಣಂಬೂರಿಗೆ ತರುತ್ತಿದ್ದರು. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು; ಅನಂತರ ಹೊರಗಿನ ಅದಿರನ್ನು ತರಿಸಿ ಗೋಲಿಯ ಗಾತ್ರದ ಉಂಡೆಗಳನ್ನು ಕಟ್ಟುವ ಕಾರ್ಯ ನಡೆಯಿತು. ಕಾರ್ಖಾನೆಯ ಶಕ್ತಿ ವರ್ಷಕ್ಕೆ 35 ಲಕ್ಷ ಟನ್ನು.

ಅದಿರಾಗಲಿ ಕಲ್ಲಿದ್ದಲಾಗಲಿ, ಬಂದರುಗಳಲ್ಲಿ ಅವುಗಳ ಸಾಗಾಟವೆಲ್ಲ ಕನ್ವೇಯರ್ ಬೆಲ್ಟುಗಳ ಮೇಲೆ. ಒಂದು ಬೆಲ್ಟು ಇನ್ನೊಂದರ ಮೇಲೆ ಸುರಿಯುತ್ತದೆ, ಅದು ಮತ್ತೊಂದರ ಮೇಲೆ. ಯಾವುದನ್ನು ಮೊದಲು ಹೊರಡಿಸಬೇಕು? ಮೊದಲನೆಯದನ್ನೇ ಎಂದು ನಮಗೆ ತೋರುವುದು ಸಹಜ. ಹಾಗೆ ಮಾಡಿದರೆ ನಿಂತ ಎರಡನೆಯ ಬೆಲ್ಟಿನ ಮೇಲೆ ಅದಿರಿನ ಗುಡ್ಡವಾಗುತ್ತದೆ. ಆದ್ದರಿಂದ ಕಟ್ಟಕಡೆಯದು ಮೊದಲು ಹೊರಡಬೇಕು. ನಿಲ್ಲಿಸುವಾಗ ಮೊದಲನೆಯದು ಮೊದಲು ನಿಲ್ಲಬೇಕು. ಪಿ.ಎಲ್.ಸಿ. ಈ ಮೆರವಣಿಗೆಯ ಕ್ರಮವನ್ನು ಎಂದೂ ತಪ್ಪಿಸದು.

ಬೆಲ್ಟಿನುದ್ದಕ್ಕೂ ಒಂದು ಹಗ್ಗ ಕಟ್ಟಿರುವುದನ್ನು ನೋಡಬಹುದು. ಯಾರದಾದರೂ ಬಟ್ಟೆಯೋ ಕೈಯೋ ಸಿಕ್ಕಿಕೊಂಡರೆ ಎಳೆಯಲು ಆ ಹಗ್ಗ. ಎಳೆದಾಗ ವಿದ್ಯುತ್ತು ಹರಿದು 'ನಿಲ್ಲು' ಎಂಬ ಸುದ್ದಿ ಹೋಗುತ್ತದೆಂದು ನಾವು ಊಹಿಸುತ್ತೇವೆ. ಏರ್ಪಾಡು ಅದಕ್ಕೆ ತದ್ವಿರುದ್ಧ. ಎಲ್ಲವೂ ಕ್ಷೇಮವಾಗಿರುವಾಗ 'ಕ್ಷೇಮ, ಕ್ಷೇಮ' ಎಂದು ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಹಗ್ಗ ಎಳೆದರೆ ಅದು ಕಡಿಯುತ್ತದೆ. ಇಲಿ ತಂತಿಯನ್ನು ಕಡಿದರೂ, ಕಡಲ ಉಪ್ಪುಗಾಳಿಗೆ ತಂತಿ ಕಿಲುಬು ಹಿಡಿದು ತುಂಡಾದರೂ ಯಂತ್ರ ನಿಂತೇ ನಿಲ್ಲುತ್ತದೆ. ಊರಿನಿಂದ ಪತ್ರ ಬಾರದಿದ್ದರೆ ಕ್ಷೇಮವಿರಬಹುದೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಯಂತ್ರಕ್ಕೆ ಹಾಗೆ ಸಮಾಧಾನಪಡುವ ಅಧಿಕಾರವಿಲ್ಲ. ಸಾಲದುದಕ್ಕೆ, ಜೀವದ ಪ್ರಶ್ನೆ ಇರುವಲ್ಲಿ ಪ್ರೋಗ್ರಾಮಿನ ದಾರಿ ಕಾಯದೆ ಮೋಟರಿನ ವಿದ್ಯುತ್ತನ್ನೇ ನೇರವಾಗಿ ಕಡಿಯುವ ಏರ್ಪಾಡನ್ನೂ ಮಾಡುತ್ತಾರೆ. ನಮ್ಮ ಕರಾವಳಿಯ ಗುಡುಗುಮಳೆಯಲ್ಲಿ ಕರೆಂಟು ಹೋಗಿ ಬರುವುದು ಹೊಸದಲ್ಲ. ಹೋದ ಕರೆಂಟು ಬಂದೊಡನೆ ಯಂತ್ರ ತಾನಾಗಿ ತಿರುಗತೊಡಗಿದರೆ, ಅಷ್ಟರಲ್ಲಿ ಒಳಗೆ ಕೈಯಿಟ್ಟವನ ಗತಿಯೇನು? ಅದಕ್ಕಾಗಿ, ಮತ್ತೆ ಮನುಷ್ಯನೇ ಗುಂಡಿಯನ್ನು ಒತ್ತುವವರೆಗೆ ಹೊರಡಬೇಡ ಎಂಬುದೂ ಒಂದು ಮೆಟ್ಟಿಲು.

ಪಣಂಬೂರನ್ನು ದಾಟಿದರೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ಪದವಿಪೂರ್ವ ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿ ಮುಂದೆ ಎಂಜಿನಿಯರನಾದ ಒಬ್ಬ ತರುಣ ಇಲ್ಲಿಯ ಒಂದು ಗೇರುಬೀಜದ ಕಾರ್ಖಾನೆಗೆ ನನ್ನನ್ನು ಕರೆದೊಯ್ದ. ಒಳಹೊಕ್ಕೊಡನೆ ಹಬೆಯ ಸದ್ದು, ಬೀಜದೆಣ್ಣೆಯ ಗಾಟು. ಗೇರುಬೀಜದ ಸಿಪ್ಪೆಯಲ್ಲಿ ಚರ್ಮವನ್ನು ಸುಡುವ ಎಣ್ಣೆಯಿದೆ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಸಿಪ್ಪೆ ಒಡೆದು, 'ಬೋರ್ಮ' ಎಂಬ ಬಿಸಿಗೂಡಿನಲ್ಲಿ ತಿರುಳನ್ನು ಒಣಗಿಸಿ, ಹೊಟ್ಟು ಬಿಡಿಸಿ, ಗಾತ್ರ ನೋಡಿ ಬೇರ್ಪಡಿಸಬೇಕು. ಅಂಗಡಿಯಲ್ಲಿ ಕಾಣುವ ಡಬ್ಲ್ಯು-240, ಡಬ್ಲ್ಯು-320 ಎಂಬ ಅಂಕೆಗಳು ಒಂದು ಪೌಂಡಿಗೆ ಎಷ್ಟು ತಿರುಳು ತೂಗುತ್ತವೆ ಎಂಬುದರ ಲೆಕ್ಕ. ತಿರುಳು ಇಡಿಯಾಗಿ ಬಂದರೆ ಬೆಲೆ, ಒಡೆದರೆ ನಷ್ಟ.

ಬೇಯಿಸುವ ಕೆಲಸ ಅಲ್ಲಿ ಈಗ ಪಿ.ಎಲ್.ಸಿ.ಯದು. ಹಬೆಯ ಒತ್ತಡ, ಹೊತ್ತು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಯಂತ್ರ ಬಂದ ಮೊದಲ ದಿನಗಳಲ್ಲಿ ತಿರುಳು ಒಡೆಯುವುದು ಹೆಚ್ಚಾಯಿತಂತೆ. ಹೊತ್ತು ಒಂದೇ, ಒತ್ತಡ ಒಂದೇ. ಆದರೂ ಒಂದು ದಿನ ಸರಿ, ಇನ್ನೊಂದು ದಿನ ಕೆಟ್ಟದ್ದು. ಕೊನೆಗೆ ಅಲ್ಲಿ ಬಹುಕಾಲದಿಂದ ಕೆಲಸಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರನ್ನು ಕೇಳಿದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ. ಅವರು ಚೀಲದಿಂದ ನಾಲ್ಕು ಹಸಿಬೀಜಗಳನ್ನು ತೆಗೆದು ಸೀಳಿ ನೋಡಿ, "ಇದು ಊರಿನ ಬೀಜ ಅಲ್ಲ, ಹಡಗಿನಲ್ಲಿ ಬಂದದ್ದು. ಅದೂ ಮಳೆಯಲ್ಲಿ ಹಸಿ ಕುಡಿದಿದೆ. ಎಲ್ಲಕ್ಕೂ ಒಂದೇ ಲೆಕ್ಕ ಇಟ್ಟರೆ ಹೇಗೆ?" ಎಂದರಂತೆ. ಆಮೇಲೆ ಎಂಜಿನಿಯರನು ಅವರ ಬಳಿ ಕುಳಿತು, ಯಾವ ಊರಿನ ಬೀಜಕ್ಕೆ, ಎಷ್ಟು ಹಸಿಗೆ, ಎಷ್ಟು ಹೊತ್ತು ಎಂದು ಕೇಳಿ ಕೇಳಿ ಒಂದು ಪಟ್ಟಿ ಮಾಡಿದ. ಅದು ಈಗ ಯಂತ್ರದೊಳಗಿದೆ. ಇಂಥ ಪಟ್ಟಿಗೆ ಈ ವಿದ್ಯೆಯಲ್ಲಿ 'ರೆಸಿಪಿ' ಎಂದೇ ಹೆಸರು. ಅಡಿಗೆಮನೆಯ ಮಾತು ಕಾರ್ಖಾನೆಗೆ ಬಂದದ್ದು ಇಲ್ಲಿ ಎಷ್ಟು ಸಾರ್ಥಕವಾಗಿದೆ!

ನನ್ನನ್ನು ಕರೆದದ್ದು ಬೇರೊಂದು ಕೆಲಸಕ್ಕೆ. ಪಿ.ಎಲ್.ಸಿ.ಗೆ ಮಾತಿಲ್ಲವಾದರೂ ಅದರ ಪರವಾಗಿ ಮಾತಾಡುವ ಒಂದು ಗಾಜಿನ ಪರದೆಯನ್ನು ಗೋಡೆಗೆ ಹಾಕಿರುತ್ತಾರೆ. ಏನಾದರೂ ಕೆಟ್ಟರೆ ಅದರ ಮೇಲೆ ಕೆಂಪಕ್ಷರದಲ್ಲಿ ಎಚ್ಚರಿಕೆ ಮೂಡುತ್ತದೆ. ಮೂಡುವುದೆಲ್ಲ ಇಂಗ್ಲಿಷಿನಲ್ಲಿ. ಸುತ್ತ ಕೆಲಸಮಾಡುವವರಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಕೊಂಕಣಿ, ಬ್ಯಾರಿ ಆಡುವವರಿದ್ದಾರೆ. ಎಲ್ಲರೂ ಶಾಲೆಯಲ್ಲಿ ಓದಿದ್ದು ಕನ್ನಡ. "ಕೆಂಪು ಬಂದರೆ ಯಾರನ್ನಾದರೂ ಕರೆಯುವುದು. ಎಂತ ಬರೆದದ್ದು ಅಂತ ನಮಗೆ ಹೇಗೆ ಗೊತ್ತಾಗಬೇಕು?" ಎಂದರು ಅಕ್ಕ.

ಬಾಯ್ಲರಿನಲ್ಲಿ ನೀರು ತಗ್ಗಿದಾಗ ಬರುವ ಎಚ್ಚರಿಕೆಗೆ ತರುಣನು ಕಂಪ್ಯೂಟರಿನಿಂದ ಅನುವಾದ ಮಾಡಿಸಿಟ್ಟಿದ್ದ: 'ಪೂರಕ ಜಲದ ಮಟ್ಟವು ಕನಿಷ್ಠ ಮಿತಿಗಿಂತ ಕೆಳಗಿಳಿದ ಪ್ರಯುಕ್ತ ದಹನಕ್ರಿಯೆಯು ಸ್ಥಗಿತಗೊಂಡಿದೆ.' ನಾನು ಅದನ್ನು ಗಟ್ಟಿಯಾಗಿ ಓದಿದೆ. ಅಕ್ಕ ನಕ್ಕುಬಿಟ್ಟರು. "ಇದನ್ನು ಓದಿ ಮುಗಿಸುವಾಗ ಬಾಯ್ಲರು ಒಡೆದು ಹೋಗಿರ್ತದೆ ಮಾಸ್ಟ್ರೆ!"

ನಗುವಿನ ಹಿಂದೆ ಗಂಭೀರವಾದ ವಿಷಯವಿತ್ತು. ನೀರು ಕಡಿಮೆಯೆಂದು ತಿಳಿದರೆ ಯಾರಿಗಾದರೂ ಮೊದಲು ಹೊಳೆಯುವುದು ನೀರು ಬಿಡುವ ಯೋಚನೆ. ನೀರಿಲ್ಲದೆ ಕಾದು ಕೆಂಪಾದ ಬಾಯ್ಲರಿಗೆ ತಣ್ಣೀರು ಬಿದ್ದರೆ ಅದು ಒಮ್ಮೆಗೇ ಹಬೆಯಾಗಿ ಸಿಡಿಯಬಹುದು. ಪರದೆಯು ಸುದ್ದಿಯನ್ನು ಹೇಳಿದರೆ ಸಾಲದು, ಮಾಡಬಾರದ್ದನ್ನೂ ಹೇಳಬೇಕು. ಮೂವರೂ ಸೇರಿ ಅಲ್ಲಿಯೇ ನಿಂತು ಬರೆದೆವು: 'ಬಾಯ್ಲರಿನಲ್ಲಿ ನೀರು ಕಡಿಮೆ. ಗಾಳಿಯ ಫ್ಯಾನು ನಿಂತಿದೆ. ನೀರು ಬಿಡಬೇಡಿ. ಬಾಯ್ಲರಿನವರನ್ನು ಕರೆಯಿರಿ.' ಹೀಗೆ ನಲವತ್ತು ಎಚ್ಚರಿಕೆಗಳು ಸಿದ್ಧವಾದವು. ಬಾಯ್ಲರು, ಫ್ಯಾನು, ಬೆಲ್ಟು, ಬೋರ್ಮ ಎಂಬ ಶಬ್ದಗಳನ್ನು ನಾವು ಮುಟ್ಟಲಿಲ್ಲ. ಅವು ಅಲ್ಲಿಯವರ ಬಾಯಲ್ಲಿ ಎಂದೋ ಕನ್ನಡವಾಗಿವೆ.

ಯಂತ್ರದಿಂದ ಕೈಗಳಿಗೆ ಕೆಲಸ ತಪ್ಪುವುದಿಲ್ಲವೇ ಎಂದು ವಾಚಕರು ಕೇಳಬಹುದು. ತಪ್ಪುತ್ತದೆ. ಹಿಂದೆ ಸಾಲಾಗಿ ಕುಳಿತು ಸಿಪ್ಪೆ ಒಡೆಯುತ್ತಿದ್ದ ಕಡೆ ಈಗ ಕತ್ತರಿಸುವ ಯಂತ್ರಗಳಿವೆ. ಬಣ್ಣ ನೋಡಿ ಕೆಟ್ಟ ತಿರುಳನ್ನು ಗಾಳಿಯಿಂದ ಊದಿ ತೆಗೆಯುವ ಯಂತ್ರಗಳಿವೆ. ಎಣ್ಣೆಯಿಂದ ಸುಟ್ಟು ಕಪ್ಪಾದ ಬೆರಳುಗಳು ಕಡಿಮೆಯಾದದ್ದು ಸಂತೋಷದ ಮಾತು. ಆದರೆ ಆ ಬೆರಳುಗಳಿಂದಲೇ ಮನೆ ನಡೆಸಿದವರು ಎಲ್ಲಿ ಹೋದರೆಂಬ ಪ್ರಶ್ನೆಗೆ ಪಿ.ಎಲ್.ಸಿ.ಯಲ್ಲಿ ಯಾವ ಮೆಟ್ಟಿಲೂ ಇಲ್ಲ. ಅದನ್ನು ಬರೆಯಬೇಕಾದವರು ಕಾರ್ಖಾನೆಯ ಒಡೆಯರು, ಸರಕಾರ, ನಾವು.

ದಾರಿ ಸುರತ್ಕಲ್ಲಿನಲ್ಲಿ ಮುಗಿಯುತ್ತದೆ. ಒಳನಾಡಿನ ಗುಡ್ಡಗಳ ಕಡೆ ಕುತ್ತೆತ್ತೂರಿನ ಎಣ್ಣೆ ಶುದ್ಧೀಕರಣಾಗಾರ. ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲವನ್ನು ಶುದ್ಧಗೊಳಿಸುವ ಶಕ್ತಿ ಅದಕ್ಕಿದೆ. ಇಂಥ ಆಗರಗಳಲ್ಲಿ ದಿನನಿತ್ಯದ ನಡೆಯನ್ನು ಪಿ.ಎಲ್.ಸಿ.ಯ ಅಣ್ಣನಂಥ ಬೇರೊಂದು ನಿಯಂತ್ರಣ ವ್ಯವಸ್ಥೆ ನೋಡಿಕೊಳ್ಳುತ್ತದೆ. ಅಪಾಯ ಬಂದಾಗ ಎಲ್ಲವನ್ನೂ ನಿಲ್ಲಿಸುವ ಹೊಣೆ ಮಾತ್ರ ಪ್ರತ್ಯೇಕವಾದ ರಕ್ಷಣಾ ಯಂತ್ರದ್ದು. ಒಂದೇ ಜಾಗದಲ್ಲಿ ಮೂರು ಮಾಪಕಗಳನ್ನಿಟ್ಟು, ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಅಪಾಯವೆಂದು ತೀರ್ಮಾನಿಸುವುದು ಅಲ್ಲಿಯ ಪದ್ಧತಿ. ಒಂದು ಮಾಪಕ ಕೆಟ್ಟು ಸುಳ್ಳು ಹೇಳಿದರೂ ಆಗರ ನಿಷ್ಕಾರಣ ನಿಲ್ಲದು. ಇನ್ನೊಂದು ಕೆಟ್ಟು ಸುಮ್ಮನಿದ್ದರೂ ನಿಜವಾದ ಅಪಾಯ ಕಣ್ತಪ್ಪದು. ಹಳ್ಳಿಯ ಪಂಚಾಯಿತಿಕೆ ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಡಲಿನ ಕಡೆ, 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭಗೊಂಡು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿರುವ ವಿದ್ಯಾಲಯ. ಇಲ್ಲಿಯೂ ಕೆ.ಪಿ.ಟಿ.ಯಲ್ಲಿಯೂ ಓದಿ ಹೊರಬರುವ ತರುಣ ತರುಣಿಯರಲ್ಲಿ ಕೆಲವರಾದರೂ ನಾಳೆ ಯಾವುದಾದರೂ ಕಾರ್ಖಾನೆಯ ಏಣಿಯನ್ನು ಬರೆಯುವರು. ಜೆಪ್ಪುವಿನ ಆವಿಗೆಯ ಕಂಡಿಯಲ್ಲಿ ಇಣುಕಿದವನನ್ನು ಕೇಳಲು ಇನ್ನು ಸಾಧ್ಯವಿಲ್ಲ. ಬೈಕಂಪಾಡಿಯ ಅಕ್ಕ ಇನ್ನೂ ಕೆಲಸಕ್ಕೆ ಬರುತ್ತಾರೆ. ಹೊಸ ಚೀಲ ಬಂದ ದಿನ ಈಗಲೂ ನಾಲ್ಕು ಬೀಜ ಸೀಳಿ ನೋಡಿ, ಪರದೆಯ ಮೇಲೆ ಯಾವ ಪಾಕವನ್ನು ಒತ್ತಬೇಕೆಂದು ಹುಡುಗರಿಗೆ ಹೇಳುತ್ತಾರೆ. ಏಣಿ ಬರೆಯಲು ಹೊರಟವರು ಅಂಥವರ ಬಳಿ ಒಂದು ಗಳಿಗೆ ಕುಳಿತು ಬಂದರೆ ಅವರ ಓದು ಪೂರ್ತಿಯಾದೀತು.